ಉಜ್ಜಿನಪ್ಪನ ಜರ್ಮನ್ ವೇಷ

ಹಿಂದೂಪುರ,
ಫೆಬ್ರವರಿ 9, ಸೋಮವಾರ

ನಮ್ಮಕ್ಕನ ಮುದ್ದಿನ ಮಗಳು ಹರಿತಾಗೆ ಚಲಪತಿ ಮಾವನ ಆಶೀರ್ವಾದ.

ಹೈದರಾಬಾದ್ ಹಾಸ್ಟೆಲ್ ಊಟ ಹೊಂದ್ತಾ? ಕೆಮ್ಮು ಹೋಯ್ತಾ? ನಾನಂತೂ ಗಟ್ಟಿ. ನಿನ್ನ ಪಾಠದ ಆ ಕಾಲದಲ್ಲಿ ನಾನೊಬ್ಬ ಇದ್ದಿದ್ರೆ ಎರಡನೇ ಮಹಾಯುದ್ಧಾನ ಒಂದೇ ವಾರದಲ್ಲಿ ಮುಗಿಸಿ, ಲೇಪಾಕ್ಷಿ ಬಸ್ಸಿಗೆ ವಾಪಸ್ ಬಂದ್ಬುಡ್ತಿದ್ದೆ.

ಹಬ್ಬಕ್ಕೆ ಬಂದಾಗ ನಿನ್ನ ಪಾಠದ ನಾಜಿ ಅಧಿಕಾರಿ ಕಥೆ ಹೇಳಿದ್ಯಲ್ಲ, ಅವತ್ತಿಂದ ನಿದ್ದೆ ಇಲ್ಲ ಕಣಮ್ಮ. ಮೊದಲು ಪೇಪರಿಗೆ ಬರೀತಿದ್ದ ಬಡ ಹುಡುಗ. ಗಂಟಲು ಚೆನ್ನಾಗಿದೆ ಅಂತ ರೇಡಿಯೋ ಮುಂದೆ ಕೂರಿಸಿ ಯೂನಿಫಾರ್ಮ್ ತೊಡಿಸಿದ್ರು. ಯೆಹೂದಿಗಳು ರೋಗ ಹರಡ್ತಾರೆ, ಅವರ ಅಂಗಡಿ ಮೆಟ್ಟಿಲು ಹತ್ತಬೇಡಿ ಅಂತ ದಿನಾ ಕೂಗಿದ. ಅಕ್ಕಪಕ್ಕದವರೇ ಮುಖ ತಿರುಗಿಸಿದ್ರು. ಆಮೇಲೆ ಆ ಜನಾನ ರೈಲಿಗೆ ತುಂಬಿ ಸಾಯಿಸೋಕೆ ಒಯ್ದಾಗ ಯಾರೂ ತುಟಿ ಬಿಚ್ಚಲಿಲ್ಲ. ಯುದ್ಧ ಸೋತ ಮೇಲೆ ಕೋರ್ಟಲ್ಲಿ ನಿಂತು, 'ಬರೆದು ಕೊಟ್ಟಿದ್ದನ್ನ ಓದಿದೆ, ಅಷ್ಟೇ' ಅಂದನಂತೆ.

ಅಂಥ ಪಾಪಕ್ಕೆ ನಮ್ಮ ಮನೆ ದುಃಖ ಹೋಲಿಸಲ್ಲ. ಆದ್ರೂ ಕಲ್ಯಾಣದುರ್ಗದ ಮೈಕ್ ಉಜ್ಜಿನಪ್ಪ ಕಣ್ಮುಂದೆ ಬಂದ. ನಿಮ್ಮಮ್ಮನ ಮೆಸ್ ಎದುರಿನ ಹೋಟೆಲಿನವನ ಮಾತು ಕೇಳಿ, ಆಟೋಗೆ ಮೈಕ್ ಕಟ್ಟಿ, 'ಶಿವಲಕ್ಷ್ಮಮ್ಮನ ಮೆಸ್ಸಲ್ಲಿ ಉಂಡವರಿಗೆ ವಾಂತಿಭೇದಿ, ಜಾಗ್ರತ್ತ!' ಅಂತ ಬೀದಿಬೀದಿ ಕೂಗಿದೋನು. ನಿಮ್ಮಮ್ಮ ಒಲೆ ಆರಿಸಿ, ಸಂತೆಗೂ ತಲೆ ಮೇಲೆ ಸೆರಗೆಳ್ಕೊಂಡು ಹೋಗೋ ಹಾಗಾಯ್ತು. ಬಿಡ್ತೀನಾ?

ನಮ್ಮ ಕಡೆ ನಾಟಕದ ಪಾತ್ರ ದುಡ್ಡು ಕಟ್ಟಿ ಹಿಡಿಯೋದು ನಿನಗೆ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಓಬಳೇಶಪ್ಪನ ಕೈಲಿ ಆ ಕಥೆಯನ್ನೇ ನಾಟಕ ಮಾಡಿಸಿ, ಅಧಿಕಾರಿ ಪಾತ್ರ ಉಜ್ಜಿನಪ್ಪನಿಗೆ ಬಿಟ್ಟಿ ಅಂದೆ. ಬೂಟು, ಟೋಪಿ, ಮೈಕು ಮೂರೂ ಸಿಗ್ತದೆ ಅಂದ್ರೆ ಕೇಳ್ಬೇಕಾ! ಅಕ್ಕನ ವಿಷಯ ನಾನು ಮರ್ತಿದೀನಿ ಅಂದ್ಕೊಂಡು, 'ಬಾವಾ, ನುವ್ವು ದೇವುಡು' ಅಂತ ನನ್ನನ್ನ ದೇವರೇ ಮಾಡ್ಬಿಟ್ಟ. ನಾನು ಜಡ್ಜ್ ಪಾತ್ರ ಹಿಡಿದೆ. ಮೊನ್ನೆ ರಾತ್ರಿ ಕಲ್ಯಾಣದುರ್ಗದಲ್ಲೇ ಆಟ. ನಿಮ್ಮಮ್ಮನ್ನ ಕೈ ಹಿಡಿದು ಕರ್ಕೊಂಡು ಬಂದು ಮುಂದೆ ಕೂರಿಸಿದ್ದೆ. ಕೋರ್ಟ್ ಸೀನಲ್ಲಿ ಮೇಷ್ಟ್ರು ಬರೆದಿದ್ದು ಬಿಟ್ಟು ಕೇಳಿದೆ: 'ಶಿವಲಕ್ಷ್ಮಮ್ಮನ ಅನ್ನ ತಿಂದ್ರೆ ರೋಗ ಅಂತ ಕೂಗಿದ್ಯಲ್ಲ, ಕಣ್ಣಾರೆ ನೋಡಿದ್ಯೇನ್ಲಾ?' ತಬ್ಬಿಬ್ಬಾಗಿ, ಬಾಯಿಪಾಠ ಮಾಡಿದ್ದನ್ನೇ ಒದರಿದ: 'ಬರೆದು ಕೊಟ್ಟಿದ್ದನ್ನ ಓದಿದೆ, ಅಷ್ಟೇ!' ಅದೂ ಮೈಕಲ್ಲಿ! ಸೊಪ್ಪು ಮಾರೋ ಬೀರಕ್ಕ ಎದ್ದು, 'ಬರೆದೋನು ಯಾವನಾದ್ರೂ ಆಗ್ಲಿ, ಬಾಯಿ ನಿಂದೇ ಕಣ್ಲಾ!' ಅಂದ್ಲು. ಜನ ಹೋ ಅಂದ್ರು. ಟೋಪಿ ಅಲ್ಲೇ ಬಿಟ್ಟು ಓಡಿದ. ನಿಮ್ಮಮ್ಮ ನಗಲಿಲ್ಲ, ಅಳಲಿಲ್ಲ. ಸೆರಗು ಇಳಿಸಿ ತಲೆ ಎತ್ತಿ ಕೂತಿದ್ಲು. ಇವತ್ತು ಮೆಸ್ ಬಾಗಿಲು ತೆಗೆದಿದಾಳೆ.

ಚೆನ್ನಾಗಿ ಓದು, ಬೆಚ್ಚಗಿರು.

ನಿನ್ನ ಮಾವ,
ಚಲಪತಿ

ಮರೆತಿದ್ದೆ: ಅವನ ಪಾತ್ರದ ದುಡ್ಡೂ ನಾನೇ ಕಟ್ಟಿದ್ದು. ನಿಮ್ಮತ್ತೆಗೆ ಒಟ್ಟು ಖರ್ಚು ಎರಡೇ ಸಾವಿರ ಅಂದಿದೀನಿ, ಬಾಯಿ ಬಿಡಬೇಡ. ಸೀನರಿ, ಬೂಟು, ಮೇಷ್ಟ್ರು ಎಲ್ಲ ಸೇರಿ ಹೋಗಿದ್ದು ಇಪ್ಪತ್ತಾರು ಸಾವಿರ. ಹೊಟ್ಟೆ ಮಾತ್ರ ತಣ್ಣಗಿದೆ ಕಣಮ್ಮ.