ನಿಮ್ಮ ವರದಿಯ ಹಿಂಬದಿಗೆ

ರೀ,

ನಿವೃತ್ತ ನೌಕರರ ಸಂಘದಲ್ಲಿ ಓದಲು ಬರೆದ ನಿಮ್ಮ 'ವರ್ಷದ ಹಿನ್ನೋಟ'ವನ್ನು, ಎಂದಿನಂತೆ ನಾನೇ ದುಂಡಗೆ ನಕಲು ಮಾಡಿಕೊಡಲಿ ಎಂದು ಹೊಲಿಗೆ ಮಷೀನಿನ ಮೇಲಿಟ್ಟಿದ್ದಿರಿ. ಓದಿದೆ. ದಿನಾ ಐದು ಕಿಲೋಮೀಟರ್ ನಡೆದಿರಂತೆ! ಮಿರ್ಚಿ ಮಂಡಕ್ಕಿ ಅಂಗಡಿ ಇರುವುದು ನಮ್ಮ ಬೀದಿಯ ತುದಿಯಲ್ಲೇ.

'ಅರವತ್ತೆರಡರ ಪತ್ನಿಗೆ ಹೊಲಿಗೆ ಅಂಗಡಿ ಹಾಕಿಸಿಕೊಟ್ಟೆ' ಎಂದೂ ಇದೆ. ಬೋರ್ಡು ಕಟ್ಟಿದ ದಿನ ಬಾಗಿಲಲ್ಲಿ ನಿಂತು, "ಈ ವಯಸ್ನಾಗೆ ನಿನ್ನತ್ರ ಹೊಲಿಸಾಕೆ ಯಾರು ಬರ್ತಾರೆ? ಹೆಡ್ಮಾಸ್ತರ ಹೆಂಡ್ತಿ ಅನ್ನೋ ಮರ್ಯಾದೆನಾದ್ರೂ ಐತಾ?" ಎಂದವರು ಪಕ್ಕದ ಮನೆಯವರಿರಬೇಕು.

ಮದುವೆ ಹೆಣ್ಣಿನ ರವಿಕೆ ಅಳತೆಗೆಂದು ಗೋವಿನಕೋವಿಗೆ ಹೊರಟಿದ್ದೇನೆ. ಸಾರು ಬಿಸಿ ಮಾಡಿಕೊಳ್ಳಿ, ತಳ ಹಿಡಿಸಬೇಡಿ.

ಇನ್ನೊಂದು ಮಾತು. ನನ್ನ ಕಣ್ಣಿಗೆ ಪೊರೆ ಬಂದಾಗ, ಆಪರೇಷನ್ ಆಗುವ ತನಕ ದಿನಾ ಬೆಳಿಗ್ಗೆ ಕೂತು ಸೂಜಿಗಳಿಗೆಲ್ಲ ದಾರ ಪೋಣಿಸಿಕೊಟ್ಟಿರಲ್ಲ, ಅದು ಮಾತ್ರ ಇದರಲ್ಲಿ ಎಲ್ಲೂ ಇಲ್ಲ. ಯಾರೂ ನೋಡಬಾರದೆಂದು ಆಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ಇಡೀ ವರ್ಷದಲ್ಲಿ ನೀವು ಮಾಡಿದ ಕೆಲಸ ಅದೊಂದೇ.

ಅದನ್ನು ಬರೆಯಿರಿ. ಆಮೇಲೆ ನಕಲು ಮಾಡಿಕೊಡುತ್ತೇನೆ.