ಅಮೂಲ್ಯಾಳ ಹೊಸ ಬೈಂಡಿಂಗ್

ಡಾಕ್‌ಲ್ಯಾಂಡ್ಸ್, ಮೆಲ್ಬರ್ನ್
೨೨ ಜುಲೈ ೨೦೦೭

ಪ್ರೀತಿಯ ತಂಗಿ ನಿವೇದಿತಾಳಿಗೆ, ನಿನ್ನ ಅಣ್ಣನ ಆಶೀರ್ವಾದಗಳು.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಒಂದು ತಿಂಗಳು ಹಿಡಿಯಿತು, ಬೈದುಕೋ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳುವುದಿಲ್ಲ. ನಾವಿಲ್ಲಿ ಕ್ಷೇಮ. ನಿನ್ನತ್ತಿಗೆ ಬಾಲ್ಕನಿಯ ಕುಂಡದಲ್ಲಿ ಮೆಂತ್ಯ ಬಿತ್ತಿದ್ದಾಳೆ, ಈ ಚಳಿಗೆ ಅದು ತಲೆಯೆತ್ತುತ್ತಲೇ ಇಲ್ಲ.

ಸ್ಕೂಲಿನ ಸ್ನೋ ಕ್ಯಾಂಪಿಗೆ ಅಮೂಲ್ಯಾ ಒಲ್ಲೆ ಎನ್ನುತ್ತಿದ್ದಾಳೆ ಎಂದು ಬರೆದಿದ್ದೀಯ. ಹೋದ ವರ್ಷ ಮೌಂಟ್ ಬುಲ್ಲರ್‌ನಲ್ಲಿ ಹಿಮದ ಮೇಲೆ ಜಾರುವಾಗ ನನ್ನ ಕಣ್ಣೆದುರೇ ಬಿದ್ದು ಮಣಿಕಟ್ಟು ಮುರಿದುಕೊಂಡ ಮಗು. "ಐ ಆಮ್ ಜಸ್ಟ್ ನಾಟ್ ಬ್ರೇವ್, ಅಮ್ಮಾ" ಅಂದಳಂತೆ. ಅದನ್ನು ಓದಿದ ಮೇಲೆ ಅಂಗಡಿಗೆ ಹೋಗಿ ಬಂದೆ.

ಈ ಪಾರ್ಸೆಲ್ಲಿನಲ್ಲಿ ಹೊಸ ಬೈಂಡಿಂಗ್ ಇದೆ, ಅದೇ, ಬೂಟನ್ನು ಸ್ನೋಬೋರ್ಡಿಗೆ ಬಿಗಿಯುತ್ತದಲ್ಲ, ಅದು. ಅವಳ ಬೂಟು ಮೆತ್ತಗಿನದು, ಕೈಯಲ್ಲಿ ಒತ್ತಿದರೆ ಬಾಗುತ್ತದೆ. ಅದಕ್ಕೆ ಬೈಂಡಿಂಗೂ ಮೆತ್ತಗೇ ಇರಬೇಕು. ಗಡುಸಿನದು ಗಡುಸು ಬೂಟಿಗೆ, ಪಳಗಿದವರಿಗೆ. ಮೆತ್ತನೆಯ ಬೂಟಿಗೆ ಅದನ್ನು ಹಾಕಿದರೆ ಪಟ್ಟಿ ಪಾದವನ್ನು ಹಿಂಡುತ್ತದೆ, ಕಾಲು ಚೂರು ಅಲುಗಿದರೂ ಬೋರ್ಡು ಗಕ್ಕನೆ ತಿರುಗುತ್ತದೆ. ಶ್ರೀನಾಥ್ ಭಾವ ಮನೆಯಲ್ಲೇ ಒಮ್ಮೆ ಹಾಕಿಸಿ ನೋಡಲಿ. ಹಿಮ್ಮಡಿ ಏಳಬಾರದು, ಬೆರಳು ಜೋಮು ಹಿಡಿಯಬಾರದು.

ನಮ್ಮ ಮನೆಯ ಚಟ ನಿನಗೆ ಗೊತ್ತಲ್ಲ, ದೊಡ್ಡವರದ್ದು ಚಿಕ್ಕವರಿಗೆ. ನನ್ನ ಸೈಕಲ್ಲು, ಸ್ಕೂಲ್ ಬ್ಯಾಗು ನಿನಗೆ ಬಂದವು. ರೇಸಿಗೆ ಹೋಗುವ ನನ್ನ ಮಗ ದರ್ಶನ್‌ನ ಹಳೆಯ ಬೈಂಡಿಂಗ್ ಹಾಗೇ ಅಮೂಲ್ಯಾಳಿಗೆ ದಾಟಿತು. ಗಟ್ಟಿಯಾಗಿದೆ, ಇನ್ನೂ ಹತ್ತು ವರ್ಷ ಬರುತ್ತೆ ಅಂತ ನಾನೇ ಹೆಮ್ಮೆಯಿಂದ ಜೋಡಿಸಿದ್ದೆ.

ಅವಳನ್ನು ಕ್ಯಾಂಪಿಗೆ ಕಳಿಸು. ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಗುರುದತ್ತ

ತಾ.ಕ.: ಮರೆತು ಬಿಟ್ಟದ್ದಲ್ಲ ಇದು, ಧೈರ್ಯ ಸಾಲದೆ ಉಳಿದದ್ದು. ಬೂಟು ಮಾರಿದ ಅಂಗಡಿಯವನು ದರ್ಶನ್‌ನ ಆ ಗಡುಸು ಬೈಂಡಿಂಗ್ ನೋಡಿ, ಈ ಬೂಟಿಗೆ ಇದು ಬೇಡವೇ ಬೇಡ ಅಂದಿದ್ದ. ವ್ಯಾಪಾರದ ಮಾತು ಎಂದು ನಕ್ಕು ಬಂದೆ. ಅವಳು ಎರಡು ಸಲ "ಮಾಮ, ಇಟ್ ಹರ್ಟ್ಸ್" ಅಂದಳು. ಬಿದ್ದ ಮೇಲೆ ಎಲ್ಲರೆದುರು ನಾನು ಹೇಳಿದ್ದು, "ಪುಕ್ಕಲಿ, ಹೆದರ್ಕೊಂಡಿದ್ದಕ್ಕೇ ಬಿದ್ದೆ." ಮಾತಾಡದಿದ್ದರೂ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ನಿವೇದಿತಾ. ಅಂದಿನಿಂದ ಅವಳು ನನ್ನ ಫೋನಿಗೆ ಬಂದಿಲ್ಲ.

ಈ ನಾಲ್ಕು ಸಾಲು ಅವಳಿಗೆ ಓದಿ ಹೇಳು. ಅವಳು ಹೆದರಿ ಬೀಳಲಿಲ್ಲ. ಹೆದರಿ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಅವಳ ಮಾಮ.