ಒಂದೇ ದಿನದ ಗೋಡೆ

ಅಪ್ಪಾ,

ಮಿಲ್ಲುಗಳೆಲ್ಲ ಮುಚ್ಚಿದ ಮೇಲೆ ಸರ್ಕಾರ ತೆರೆದ ಪರಿಹಾರದ ಕೆಲಸಕ್ಕೆ ಇವತ್ತು ನಾನೂ ಸೇರಿದೆ. ಗಾರೆ ಕೆಲಸದಲ್ಲಿ ನೀವು ಕಲಿಸಿದ ಹಾಗೆ ನೂಲು ಹಿಡಿದು ಕಲ್ಲಿಟ್ಟು, ಸಂಜೆಯೊಳಗೆ ರಸ್ತೆಬದಿಯ ಗೋಡೆ ಮುಗಿಸಿಬಿಟ್ಟೆ. ಶಭಾಸ್ ಅಂತಾರೆ ಅಂದ್ಕೊಂಡ್ರೆ ಎಲ್ಲರೂ ನನ್ನನ್ನು ಸುತ್ತುವರಿದರು.

“ಗೋಡೆ ಮುಗಿದ್ರೆ ಕೂಲಿನೂ ಮುಗೀತು. ನಮ್ಮ ಹೊಟ್ಟೆ ಮೇಲೆ ಹೊಡೀತೀಯೇನೇ?” ಅಂದಳು ಹಸುಗೂಸಿನ ತಾಯಿಯೊಬ್ಬಳು. ಅವಳ ಕೈಯಲ್ಲಿ ಹಾರೆ ಇತ್ತು. ಮೇಸ್ತ್ರಿ ಬೇಕಂತಲೇ ಆ ಕಡೆ ತಿರುಗಿ ನಿಂತ.

ಇಂಥದೇ ಕೆಲಸದಿಂದ ನೀವು ಮೊದಲ ದಿನವೇ ಹಾರೆ ಎಸೆದು ಬಂದಿರಿ. ಯಾಕೆ ಅಂತ ಹೇಳದೆ, ಹಸಿದ ಹೊಟ್ಟೆಯಲ್ಲೇ ಕಣ್ಣು ಮುಚ್ಚಿದಿರಿ. ಕಾರಣ ಇವತ್ತು ಗೊತ್ತಾಯಿತು: ಕಟ್ಟಿದ್ದನ್ನು ಕೂಲಿಗೋಸ್ಕರ ಕೆಡವೋದು ನಿಮ್ಮ ಕೈಲಿ ಆಗಲಿಲ್ಲ.

ನಾನು ಅವಳ ಹಾರೆ ಇಸ್ಕೊಂಡು, ಗೋಡೆಯನ್ನು ನಾನೇ ಕೆಡವಿದೆ. ನಾಳೆಯೂ ಕೆಲಸ ಇದೆ.

ಮನೆಯಲ್ಲಿ ಒಲೆ ಹತ್ತಿದೆ. ನಿಮ್ಮ ಪಟದ ಮುಂದೆ ಎಡೆ ಇಟ್ಟಿದ್ದೀನಿ. ಬೈಯಿರಿ ಅಪ್ಪಾ. ಉಂಡು ಬೈಯಿರಿ.